ಲುಕ್ಮಾನರ ಉಪದೇಶ ಮತ್ತು ನಮ್ಮ ಮಕ್ಕಳ ಕೈಯಲ್ಲಿರುವ ಫೋನು

ಮಕ್ಕಳು ಅಲ್ಲಾಹನು ನಮಗೆ ವಹಿಸಿಕೊಟ್ಟಿರುವ ಅಮಾನತ್ತು. ಉಣಿಸುವುದು, ಉಡಿಸುವುದು, ಒಳ್ಳೆಯ ಶಾಲೆಗೆ ಸೇರಿಸಿ ಶುಲ್ಕ ಕಟ್ಟುವುದು, ಇಷ್ಟರಿಂದಲೇ ಆ ಅಮಾನತ್ತಿನ ಹಕ್ಕು ತೀರಿತೆಂದು ಯಾರೂ ನೆಮ್ಮದಿಯಿಂದ ಇರುವಂತಿಲ್ಲ. ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಮೇಲ್ವಿಚಾರಕನಾಗಿದ್ದಾನೆ, ಅವರ ಬಗ್ಗೆ ಅವನು ಉತ್ತರಿಸಬೇಕಾಗುತ್ತದೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವುದನ್ನು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳು ವರದಿ ಮಾಡಿವೆ. ಮನೆಯ ಯಜಮಾನನನ್ನು ಮನೆಯವರ ಕುರಿತು, ಗೃಹಿಣಿಯನ್ನು ಆಕೆಯ ಮನೆ ಮತ್ತು ಮಕ್ಕಳ ಕುರಿತು ವಿಚಾರಿಸಲಾಗುವುದು. ಆ ವಿಚಾರಣೆಯ ದಿನ ಮಗನ ಅಂಕಪಟ್ಟಿಯನ್ನು ಮುಂದಿಟ್ಟು ಪಾರಾಗಲು ಸಾಧ್ಯವಿಲ್ಲ.

ಹಿಂದೆ ಮಗು ಯಾರ ಸಹವಾಸದಲ್ಲಿದೆ ಎಂದು ತಿಳಿಯಲು ತಾಯಿ ಬಾಗಿಲಲ್ಲಿ ನಿಂತು ಓಣಿಯತ್ತ ಕಣ್ಣು ಹಾಯಿಸಿದರೆ ಸಾಕಿತ್ತು. ಇಂದು ಮಗು ನಮ್ಮ ಪಕ್ಕದಲ್ಲೇ, ಅದೇ ಚಾಪೆಯ ಮೇಲೆ ಕುಳಿತಿರುತ್ತದೆ. ಆದರೆ ಅದು ಯಾರ ಮಾತು ಕೇಳುತ್ತಿದೆ, ಯಾವ ಊರಿನ ಯಾವ ಅಪರಿಚಿತನ ಕುಣಿತ, ಬೈಗುಳ, ಬಡಾಯಿಗಳನ್ನು ನೋಡುತ್ತಿದೆ ಎಂಬುದು ನಮಗೆ ತಿಳಿಯುವುದಿಲ್ಲ. 2020ರಲ್ಲಿ ಕೊರೊನಾ ಕಾರಣದಿಂದ ಶಾಲೆ, ಮದ್ರಸಾಗಳೆಲ್ಲ ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಸಾಲ ಮಾಡಿಯಾದರೂ ಮಕ್ಕಳಿಗಾಗಿ ಫೋನು ತರಬೇಕಾಯಿತು. ಅದು ಪಾಠಪುಸ್ತಕದ ಹೆಸರಿನಲ್ಲಿ ಮನೆಯೊಳಗೆ ಬಂತು. ಶಾಲೆಗಳು ಮತ್ತೆ ತೆರೆದವು, ಮಕ್ಕಳು ಬೆಂಚಿಗೆ ಮರಳಿದರು. ಫೋನು ಮಾತ್ರ ಅವರ ಕೈಯಿಂದ ಇಳಿಯಲಿಲ್ಲ.

ಈ ಸ್ಥಿತಿಯನ್ನು ಎದುರಿಸುವ ಎರಡು ಬಗೆಗಳನ್ನು ನಾವು ಸುತ್ತಮುತ್ತ ಕಾಣುತ್ತೇವೆ. ಕೆಲವರು ಎಲ್ಲವನ್ನೂ ಶೈತಾನನ ಪೆಟ್ಟಿಗೆಯೆಂದು ಬೈದು ಕಿತ್ತುಕೊಳ್ಳುತ್ತಾರೆ. ಮಗು ಅದನ್ನು ಗೆಳೆಯನ ಮನೆಯಲ್ಲಿ ನೋಡುತ್ತದೆ. ಇನ್ನು ಕೆಲವರು 'ಕಾಲವೇ ಹಾಗಿದೆ, ಏನು ಮಾಡುವುದು' ಎಂದು ಕೈಚೆಲ್ಲುತ್ತಾರೆ. ಇವೆರಡೂ ತರಬಿಯತ್ತು ಅಲ್ಲ. ಸಾಧನವನ್ನು ಇಸ್ಲಾಮ್ ದ್ವೇಷಿಸುವುದಿಲ್ಲ. ಪ್ರವಾದಿವರ್ಯರಿಗೆ(ಸ) ಮೊಟ್ಟಮೊದಲು ಅವತೀರ್ಣವಾದ ಸೂಕ್ತಗಳಲ್ಲೇ ಓದಿನ ಜೊತೆಗೆ ಲೇಖನಿಯ ಪ್ರಸ್ತಾಪವಿದೆ. ಧ್ವನಿವರ್ಧಕವು ಹೊಸದಾಗಿ ಬಂದಾಗ ಅದರ ಬಗ್ಗೆಯೂ ಉಲಮಾಗಳ ನಡುವೆ ಚರ್ಚೆ ನಡೆದಿತ್ತು. ಇಂದು ಅದರಲ್ಲೇ ಖುತುಬಾ ಕೇಳುತ್ತೇವೆ. ಆದ್ದರಿಂದ ಸಾಧನ ಬೇಕೇ ಬೇಡವೇ ಎಂಬ ಪ್ರಶ್ನೆಗಿಂತ ಅದನ್ನು ಹಿಡಿಯುವ ಕೈಯ ಹಿಂದೆ ಎಂಥ ಮನಸ್ಸಿದೆ ಎಂಬ ಪ್ರಶ್ನೆ ದೊಡ್ಡದು. ಆ ಮನಸ್ಸನ್ನು ಕಟ್ಟುವ ಪಠ್ಯಕ್ರಮವನ್ನು ಕುರ್‌ಆನ್ ನಮ್ಮ ಮುಂದಿಟ್ಟಿದೆ.

ಒಬ್ಬ ತಂದೆಯ ಪಠ್ಯಕ್ರಮ

31ನೆಯ ಅಧ್ಯಾಯವಾದ ಲುಕ್ಮಾನ್‌ನ 13ರಿಂದ 19ರವರೆಗಿನ ಸೂಕ್ತಗಳನ್ನು ಒಮ್ಮೆ ಅರ್ಥಸಹಿತ ಓದಿ ನೋಡಿ. ಲುಕ್ಮಾನರು ತಮ್ಮ ಮಗನಿಗೆ ಮಾಡಿದ ಉಪದೇಶ ಅಲ್ಲಿದೆ. ಮೊದಲು ಅಲ್ಲಾಹನಿಗೆ ಸಹಭಾಗಿಗಳನ್ನು ಕಲ್ಪಿಸಬಾರದೆಂಬ ಪಾಠ. ನಡುವೆ ತಂದೆತಾಯಿಯರ ಹಕ್ಕುಗಳ ಕುರಿತು ಸ್ವತಃ ಅಲ್ಲಾಹನ ಆದೇಶ. ಬಳಿಕ, ಸಾಸಿವೆ ಕಾಳಿನಷ್ಟು ಸಣ್ಣದೂ ಅವನ ಜ್ಞಾನದಿಂದ ತಪ್ಪಿಸಿಕೊಳ್ಳದೆಂಬ ಅರಿವು. ಆನಂತರ ನಮಾಝ್, ಒಳಿತಿನ ಆದೇಶ, ಕೆಡುಕಿನ ನಿಷೇಧ, ಸಹನೆ. ಕೊನೆಗೆ ಜನರಿಂದ ಮುಖ ತಿರುಗಿಸಬಾರದು, ಗರ್ವದಿಂದ ನಡೆಯಬಾರದು, ಧ್ವನಿ ತಗ್ಗಿಸಬೇಕು ಎಂಬ ಶಿಷ್ಟಾಚಾರ.

ಇಲ್ಲಿ ಕ್ರಮವನ್ನು ಗಮನಿಸಬೇಕು. ವಿಶ್ವಾಸ ಮೊದಲು, ಆರಾಧನೆ ಅನಂತರ, ನಡತೆ ಅವುಗಳ ಫಲ. ನಾವು ಅನೇಕ ವೇಳೆ ಬುಡಕ್ಕೆ ನೀರೆರೆಯದೆ ಫಲಕ್ಕಾಗಿ ಮಗುವನ್ನು ಗದರುತ್ತೇವೆ.

ಇನ್ನೊಂದು ವಿಷಯ ಅರಬಿ ಕಲಿತವರ ಕಣ್ಣಿಗೆ ಕೂಡಲೇ ಬೀಳುತ್ತದೆ. ಲುಕ್ಮಾನರು ಮಗನನ್ನು 'ಯಾ ಬುನಯ್ಯ' ಎಂದು ಮೂರು ಬಾರಿ ಕರೆಯುತ್ತಾರೆ. ಅದು ಬರಿಯ 'ಮಗನೇ' ಅಲ್ಲ. ಮುದ್ದಿನಿಂದ ಕರೆಯುವ ರೂಪ. ಕನ್ನಡದ ತಾಯಿ 'ಪುಟ್ಟಾ' ಎಂದಂತೆ. ಶಿರ್ಕ್‌ನಂತಹ ಮಹಾಪಾಪದ ಬಗ್ಗೆ ಎಚ್ಚರಿಸುವಾಗಲೂ ಆ ತಂದೆಯ ಬಾಯಲ್ಲಿ ಅಕ್ಕರೆಯಿದೆ. ಫೋನಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಏಳುವ ಸದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ.

ಸಾಸಿವೆ ಕಾಳಿನ ಪಾಠ

ಫೋನಿಗೆ ಬೀಗ ಹಾಕುವ ಉಪಾಯಗಳು ಹಲವಿವೆ. ಅವುಗಳನ್ನು ಬಳಸಬಾರದೆಂದಲ್ಲ. ಆದರೆ ಹದಿಮೂರು ಹದಿನಾಲ್ಕರ ಮಕ್ಕಳಿಗೆ ಅಂತಹ ಬೀಗ ತೆರೆಯುವ ವಿದ್ಯೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ನೋಡಿದ್ದರ ಗುರುತನ್ನು ಅಳಿಸಿಹಾಕಲು ಅವರಿಗೆ ಒಂದು ಕ್ಷಣ ಸಾಕು. ಹೊರಗಿನ ಕಾವಲುಗಾರ ಎಂದಾದರೊಮ್ಮೆ ನಿದ್ರಿಸುತ್ತಾನೆ. ಒಳಗೊಬ್ಬ ಕಾವಲುಗಾರನನ್ನು ನಿಲ್ಲಿಸುವುದೇ ತಖ್ವಾದ ಶಿಕ್ಷಣ.

ಅಬ್ದುಲ್ಲಾ ಇಬ್ನು ಉಮರ್(ರ) ಪ್ರಯಾಣದಲ್ಲಿದ್ದಾಗ ಕುರಿ ಕಾಯುವ ಗುಲಾಮನೊಬ್ಬನನ್ನು ಕಂಡ ಪ್ರಸಂಗವು ಪ್ರಸಿದ್ಧವಾಗಿದೆ. ಅವನನ್ನು ಪರೀಕ್ಷಿಸಲೆಂದು, ಒಂದು ಕುರಿಯನ್ನು ಮಾರು, ತೋಳ ತಿಂದಿತೆಂದು ಯಜಮಾನನಿಗೆ ಹೇಳು ಎಂದರು. ಹಾಗಾದರೆ ಅಲ್ಲಾಹನು ಎಲ್ಲಿ ಹೋದನು ಎಂದು ಅವನು ಮರುಪ್ರಶ್ನಿಸಿದನು. ಆ ಮಾತು ಇಬ್ನು ಉಮರ್‌ರ(ರ) ಮನಸ್ಸನ್ನು ತಟ್ಟಿತು. ಅವರು ಅವನನ್ನು ಖರೀದಿಸಿ ಸ್ವತಂತ್ರಗೊಳಿಸಿದರು. ನಿರ್ಜನವಾದ ಬೆಟ್ಟ, ಯಜಮಾನ ದೂರ, ಕೇಳುವವರಿಲ್ಲ. ಇಂದು ರಾತ್ರಿ ಹೊದಿಕೆಯೊಳಗೆ ಬೆಳಗುವ ಪರದೆಯ ಮುಂದೆ ನಮ್ಮ ಮಗನೂ ಅಂಥ ಒಂಟಿ ಬೆಟ್ಟದ ಮೇಲೆಯೇ ಇದ್ದಾನೆ. ಆಗ ಆ ಕುರಿಗಾಹಿಯ ಪ್ರಶ್ನೆ ಅವನ ಎದೆಯಲ್ಲಿ ಏಳಬೇಕಾದರೆ ಅದನ್ನು ನಾವು ಬಾಲ್ಯದಲ್ಲೇ ಬಿತ್ತಿರಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಆದರೆ ಅಲ್ಲಾಹನನ್ನು ಕೋಲು ಹಿಡಿದ ಕಾವಲುಗಾರನಂತೆ ಮಾತ್ರ ಮಗುವಿಗೆ ಪರಿಚಯಿಸುವುದು ಅನ್ಯಾಯ. ಅವನು ನೋಡುತ್ತಿದ್ದಾನೆ ಎಂದು ಕಲಿಸುವ ದಿನವೇ ಅವನು ಕ್ಷಮಿಸುತ್ತಾನೆ ಎಂದೂ ಕಲಿಸಬೇಕು. ಏಕೆಂದರೆ ಮಗು ಒಂದಲ್ಲ ಒಂದು ದಿನ ನೋಡಬಾರದ್ದನ್ನು ನೋಡಿಯೇ ತೀರುತ್ತದೆ. ಕೆಲವೊಮ್ಮೆ ಹುಡುಕದಿದ್ದರೂ ಅದು ತಾನಾಗಿ ಮುಂದೆ ಬಂದು ನಿಲ್ಲುತ್ತದೆ. ಆ ದಿನ ಅದು ಓಡಿ ಬರುವುದು ನಮ್ಮ ಬಳಿಗೋ, ಅಥವಾ ಹೆದರಿ ಇನ್ನಷ್ಟು ಕತ್ತಲೆಗೋ? ಇದು ನಾವು ಹಿಂದಿನ ವರ್ಷಗಳಲ್ಲಿ ಹೇಗೆ ನಡೆದುಕೊಂಡಿದ್ದೇವೆ ಎಂಬುದರ ಮೇಲೆ ನಿಂತಿದೆ.

ವ್ಯಭಿಚಾರಕ್ಕೆ ಅನುಮತಿ ಕೇಳಿದ ತರುಣನ ಘಟನೆ ಮುಸ್ನದ್ ಅಹ್ಮದ್‌ನಲ್ಲಿದೆ. ಸುತ್ತಲಿನವರು ಅವನನ್ನು ಗದರಿದರು. ಪ್ರವಾದಿವರ್ಯರು(ಸ) ಮಾತ್ರ ಅವನನ್ನು ಹತ್ತಿರಕ್ಕೆ ಕರೆದು ಕುಳ್ಳಿರಿಸಿಕೊಂಡರು. ನಿನ್ನ ತಾಯಿಯ ವಿಷಯದಲ್ಲಿ ಇದನ್ನು ಇಷ್ಟಪಡುತ್ತೀಯಾ, ನಿನ್ನ ಮಗಳ, ಸಹೋದರಿಯ ವಿಷಯದಲ್ಲಿ ಇಷ್ಟಪಡುತ್ತೀಯಾ ಎಂದು ಒಂದೊಂದಾಗಿ ಕೇಳಿದರು. ಅವನ ಬುದ್ಧಿಯಿಂದಲೇ ಉತ್ತರ ಹೊರಡಿಸಿದರು. ಬಳಿಕ ಅವನ ಮೇಲೆ ಕೈಯಿಟ್ಟು ಅವನ ಹೃದಯದ ಶುದ್ಧಿಗಾಗಿ ಪ್ರಾರ್ಥಿಸಿದರು. ಹತ್ತಿರ ಕರೆಯುವುದು, ಯೋಚಿಸುವಂತೆ ಮಾಡುವುದು, ದುಆ ಮಾಡುವುದು: ಹರೆಯದ ಮಕ್ಕಳ ತಂದೆತಾಯಿಯರಿಗೆ ಇದಕ್ಕಿಂತ ಉತ್ತಮ ಮಾರ್ಗದರ್ಶನ ಬೇರೆಲ್ಲಿದೆ?

ಮಕ್ಕಳ ಫೋನನ್ನು ಪರಿಶೀಲಿಸಬಹುದೇ ಎಂದು ಹಲವರು ಕೇಳುತ್ತಾರೆ. ಗೂಢಚಾರಿಕೆಯನ್ನು ಅಲ್‌ಹುಜುರಾತ್ ಅಧ್ಯಾಯದ 12ನೆಯ ಸೂಕ್ತವು ನಿಷೇಧಿಸಿದೆ. ಮೇಲ್ವಿಚಾರಣೆಯ ಹೊಣೆಯನ್ನೂ ಧರ್ಮವು ನಮ್ಮ ಮೇಲಿಟ್ಟಿದೆ. ಇವೆರಡರ ನಡುವಿನ ಸರಳ ದಾರಿಯೆಂದರೆ, ಮಾಡುವುದನ್ನು ಮುಚ್ಚುಮರೆಯಿಲ್ಲದೆ ಮಾಡುವುದು. 'ನೀನು ದೊಡ್ಡವನಾಗುವವರೆಗೆ ಇದನ್ನು ನಾವಿಬ್ಬರೂ ಜೊತೆಯಾಗಿ ನೋಡುತ್ತೇವೆ' ಎಂದು ಫೋನು ಕೊಡುವ ದಿನವೇ ಹೇಳಿಬಿಡಿ. ಕದ್ದು ನೋಡಿದರೆ ಮಗು ಕದ್ದು ಬಚ್ಚಿಡುವುದನ್ನು ಕಲಿಯುತ್ತದೆ.

ನಮಾಝ್ ಮತ್ತು ಸಮಯ

ಕರಾವಳಿಯ ನಮ್ಮ ಮದ್ರಸಾಗಳಲ್ಲಿ ಮಕ್ಕಳು ಬೆಳಿಗ್ಗೆ ಶಾಲೆಗೆ ಹೋಗುವ ಮೊದಲೇ ಬರುತ್ತಾರೆ. ತೂಕಡಿಸುವ ಮಕ್ಕಳನ್ನು ನೋಡಿದ ಯಾವ ಉಸ್ತಾದರಿಗೂ ಹಿಂದಿನ ರಾತ್ರಿ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಪ್ರವಾದಿವರ್ಯರು(ಸ) ಇಶಾಗಿಂತ ಮೊದಲು ನಿದ್ರಿಸುವುದನ್ನೂ ಇಶಾದ ಬಳಿಕ ಹರಟುವುದನ್ನೂ ಇಷ್ಟಪಡುತ್ತಿರಲಿಲ್ಲವೆಂದು ಬುಖಾರಿಯಲ್ಲಿದೆ. ಎಷ್ಟು ಸಣ್ಣ ವಿಷಯವೆಂದು ತೋರುತ್ತದೆ! ಆದರೆ ಸುಬುಹಿ ನಮಾಝ್ ಉಳಿಯುವುದೂ ಹೋಗುವುದೂ ಇದರಿಂದಲೇ. ಒಂದು ವೀಡಿಯೋ ಮುಗಿಯುವ ಮೊದಲೇ ಮತ್ತೊಂದು ತಾನಾಗಿ ಬರುವಂತೆ ಈ ಪರದೆಗಳನ್ನು ರೂಪಿಸಲಾಗಿದೆ. ನಾವು ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತೇವೋ ಅಷ್ಟು ಜಾಹೀರಾತು, ಅಷ್ಟು ಲಾಭ. ಅಂದರೆ ಅಲ್ಲಿ ಮಾರಾಟವಾಗುತ್ತಿರುವುದು ನಮ್ಮ ಆಯುಷ್ಯ. ಆಯುಷ್ಯವನ್ನು ಯಾವುದರಲ್ಲಿ ಕಳೆದೆ ಎಂಬುದು ನಾಳೆ ನಮ್ಮನ್ನು ಕೇಳಲಾಗುವ ಪ್ರಶ್ನೆಗಳಲ್ಲಿ ಒಂದೆಂದು ತಿರ್ಮಿದಿಯಲ್ಲಿರುವ ಹದೀಸ್ ತಿಳಿಸುತ್ತದೆ.

ದಿನಕ್ಕೆ ಐದು ಬಾರಿ, ಎಂಥ ಸ್ವಾರಸ್ಯದ ಕೆಲಸವಿದ್ದರೂ ಅದನ್ನು ಅರ್ಧಕ್ಕೆ ಬಿಟ್ಟು ಏಳುವ ಅಭ್ಯಾಸವೇ ನಮಾಝ್. 'ಇಲ್ಲಿಗೆ ಸಾಕು' ಎಂದು ತನಗೆ ತಾನೇ ಹೇಳಿಕೊಳ್ಳುವ ಶಕ್ತಿಯನ್ನು ಅದು ಕೊಡುತ್ತದೆ. ಅಝಾನ್ ಕೇಳಿದಾಗ ಫೋನು ಕೆಳಗಿಡುವುದನ್ನು ಕಲಿತ ಮಗು ಫೋನಿನ ಗುಲಾಮನಾಗುವುದು ಕಷ್ಟ.

ಮುಖ ತಿರುಗಿಸಬೇಡ

ಲುಕ್ಮಾನರು ಅಹಂಕಾರದಿಂದ ಜನರತ್ತ ಕೆನ್ನೆ ತಿರುಗಿಸುವುದನ್ನು ತಡೆದಿದ್ದಾರೆ. ಇಂದು ಅಹಂಕಾರವಿಲ್ಲದೆಯೂ ಆ ಕೆಲಸ ಪ್ರತಿ ಮನೆಯಲ್ಲಿ ನಡೆಯುತ್ತಿದೆ. ಮಗ ಶಾಲೆಯ ಸುದ್ದಿ ಹೇಳುತ್ತಾನೆ. ಅಬ್ಬಾನ ಕಣ್ಣು ಪರದೆಯ ಮೇಲಿದೆ. ಮಗಳು ಉಮ್ಮಾನ ಸೆರಗು ಎಳೆಯುತ್ತಾಳೆ. ಆಕೆ 'ಹೂಂ' ಎನ್ನುತ್ತಾಳೆ, ಕೇಳುವುದಿಲ್ಲ. ಪ್ರವಾದಿವರ್ಯರು(ಸ) ಯಾರತ್ತ ತಿರುಗಿದರೂ ಇಡೀ ದೇಹದೊಂದಿಗೆ ತಿರುಗುತ್ತಿದ್ದರೆಂದು ಅವರ ಗುಣವರ್ಣನೆ ಮಾಡಿದವರು ತಿಳಿಸಿದ್ದಾರೆ. ಸುಜೂದ್‌ನಲ್ಲಿದ್ದಾಗ ಮೊಮ್ಮಗ ಬೆನ್ನೇರಿದನೆಂದು, ಅವನ ಆಸೆ ತೀರುವವರೆಗೆ ಸುಜೂದನ್ನು ದೀರ್ಘಗೊಳಿಸಿದ ಪ್ರವಾದಿಯ ಅನುಯಾಯಿಗಳು ನಾವು.

ಅಳುವ ಮಗುವಿಗೆ ಫೋನು ಕೊಟ್ಟು ಊಟ ಮಾಡಿಸುವುದು, 'ಸುಮ್ಮನಿದ್ದರೆ ಕೊಡುತ್ತೇನೆ' ಎಂದು ಆಸೆ ತೋರಿಸಿ ಬಳಿಕ ಕೊಡದಿರುವುದು ಇವೆಲ್ಲ ನಮಗೆ ಕ್ಷುಲ್ಲಕವೆನಿಸುತ್ತವೆ. ಅಬ್ದುಲ್ಲಾ ಇಬ್ನು ಆಮಿರ್(ರ) ಬಾಲಕರಾಗಿದ್ದಾಗ ಅವರ ತಾಯಿ, ಬಾ, ನಿನಗೊಂದು ವಸ್ತು ಕೊಡುತ್ತೇನೆ ಎಂದು ಕರೆದರು. ಮನೆಯಲ್ಲಿದ್ದ ಪ್ರವಾದಿವರ್ಯರು(ಸ) ಏನು ಕೊಡಬೇಕೆಂದಿದ್ದೀರಿ ಎಂದು ವಿಚಾರಿಸಿದರು. ಖರ್ಜೂರ ಎಂದು ಆಕೆ ಉತ್ತರಿಸಿದರು. ಏನೂ ಕೊಡದಿರುತ್ತಿದ್ದರೆ ಅದು ನಿಮ್ಮ ಲೆಕ್ಕದಲ್ಲಿ ಒಂದು ಸುಳ್ಳಾಗಿ ಬರೆಯಲ್ಪಡುತ್ತಿತ್ತು ಎಂದು ಅವರು ತಿಳಿಸಿದರು. ಇದು ಅಬೂದಾವೂದ್‌ನಲ್ಲಿದೆ. ಸಾಲಗಾರನ ಕರೆ ಬಂದಾಗ 'ಅಬ್ಬಾ ಮನೆಯಲ್ಲಿಲ್ಲ ಎಂದು ಹೇಳು' ಎಂದು ಫೋನನ್ನು ಮಗುವಿನ ಕೈಗೆ ಕೊಡುವ ತಂದೆ ಅಂದು ಆ ಮಗುವಿಗೆ ಕಲಿಸಿದ ಪಾಠವನ್ನು ಅಳಿಸಲು ಯಾವ ಮದ್ರಸಾದ ಯಾವ ಉಸ್ತಾದರಿಗೆ ಸಾಧ್ಯ?

ಕೇಳಿದ್ದನ್ನೆಲ್ಲ ಹೇಳಬೇಡ

ಈಗ ಅತ್ಯಂತ ಗಂಭೀರವಾದ ವಿಷಯಕ್ಕೆ ಬರೋಣ. 2018ರ ಜುಲೈ ತಿಂಗಳಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ ಒಂದು ಘಟನೆ ನಡೆಯಿತು. ಹೈದರಾಬಾದಿನ ಕಡೆಯಿಂದ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚಿದರು. ಇವರು ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಮುರ್ಕಿ ಗ್ರಾಮದಲ್ಲಿ ಜನರು ಅವರನ್ನು ತಡೆದು ಹೊಡೆದರು. ಬಿಡಿಸಲು ಬಂದ ಪೊಲೀಸರಿಗೂ ಗಾಯಗಳಾದವು. ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದ ಒಬ್ಬ ಮುಸ್ಲಿಮ್ ಯುವಕ ಪ್ರಾಣ ಕಳೆದುಕೊಂಡನು. ಅದೇ ತಿಂಗಳಲ್ಲಿ ವಾಟ್ಸಾಪ್ ಕಂಪೆನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ಮಿತಿ ಬಂತು, ಹೋದ ಜೀವ ಬರಲಿಲ್ಲ. ಅಂದು ಸಂದೇಶವನ್ನು ಮುಂದಕ್ಕೆ ದೂಡಿದವರಲ್ಲಿ ಹೆಚ್ಚಿನವರು ತಾವು ಯಾರನ್ನೂ ಮುಟ್ಟಿಲ್ಲವೆಂದೇ ಭಾವಿಸಿರಬಹುದು. ಅವರು ಮುಟ್ಟಿದ್ದು ಬರಿಯ ಒಂದು ಗಾಜನ್ನು.

ದುಷ್ಟನೊಬ್ಬನು ಸುದ್ದಿ ತಂದರೆ ಪರಿಶೀಲಿಸಬೇಕು, ಇಲ್ಲವಾದರೆ ಅರಿಯದೆ ಒಂದು ಜನತೆಗೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡಬೇಕಾದೀತು ಎಂದು ಅಲ್‌ಹುಜುರಾತ್ ಅಧ್ಯಾಯದ 6ನೆಯ ಸೂಕ್ತವು ಎಚ್ಚರಿಸಿದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನೆನಿಸಲು ಸಾಕು ಎಂಬ ಪ್ರವಾದಿ ವಚನವನ್ನು ಇಮಾಮ್ ಮುಸ್ಲಿಮರು(ರ) ತಮ್ಮ ಗ್ರಂಥದ ಪೀಠಿಕೆಯಲ್ಲೇ ಸೇರಿಸಿದ್ದಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರೂ ಹೇಳುತ್ತಿದ್ದರು.

ಈ ವಿಷಯದಲ್ಲಿ ಮುಸ್ಲಿಮ್ ಸಮುದಾಯಕ್ಕೆ ಒಂದು ಮಹಾನ್ ಪರಂಪರೆಯಿದೆ. ಅದೇ ಸನದ್, ಅಂದರೆ ವರದಿಗಾರರ ಸರಪಣಿ. ಯಾರು ಯಾರಿಂದ ಕೇಳಿದರು, ಅವರು ಪರಸ್ಪರ ಭೇಟಿಯಾಗಿದ್ದರೇ, ಸತ್ಯವಂತರೇ, ನೆನಪು ಚೆನ್ನಾಗಿತ್ತೇ ಎಂದು ವಿದ್ವಾಂಸರು ಒಂದೊಂದು ಕೊಂಡಿಯನ್ನೂ ತೂಗಿ ನೋಡಿದರು. ಜಾಬಿರ್ ಇಬ್ನು ಅಬ್ದುಲ್ಲಾ(ರ) ಒಂದೇ ಒಂದು ಹದೀಸನ್ನು ನೇರವಾಗಿ ಕೇಳಿದವರ ಬಾಯಿಂದಲೇ ಕೇಳಲು ಒಂದು ತಿಂಗಳ ಪ್ರಯಾಣ ಮಾಡಿ ಅಬ್ದುಲ್ಲಾ ಇಬ್ನು ಉನೈಸ್‌ರ(ರ) ಬಳಿಗೆ ಹೋದರು. ಹಿಜರಿ 256ರಲ್ಲಿ ನಿಧನರಾದ ಇಮಾಮ್ ಬುಖಾರಿಯವರು(ರ) ತಮಗೆ ದೊರೆತ ಅಪಾರ ವರದಿಗಳಲ್ಲಿ ಸ್ವಲ್ಪ ಭಾಗವನ್ನು ಮಾತ್ರ ತಮ್ಮ ಗ್ರಂಥಕ್ಕೆ ಆರಿಸಿಕೊಂಡರು. ಅಂಥವರ ಉತ್ತರಾಧಿಕಾರಿಗಳಾದ ನಾವು 'ಇದನ್ನು ಹತ್ತು ಮಂದಿಗೆ ಕಳಿಸಿದರೆ ಶುಭ ಸುದ್ದಿ ಬರುತ್ತದೆ' ಎಂಬ ತಲೆಬುಡವಿಲ್ಲದ ಬರಹವನ್ನು ಹದೀಸ್ ಎಂಬ ಹೆಸರಿನಲ್ಲಿ ಹಂಚುತ್ತಿದ್ದೇವೆ! ಪ್ರವಾದಿಯವರ(ಸ) ಹೆಸರಿನಲ್ಲಿ ಬೇಕೆಂದೇ ಸುಳ್ಳು ಹೇಳುವವನ ನೆಲೆ ನರಕವೆಂಬ ಎಚ್ಚರಿಕೆಯನ್ನು ಅನೇಕ ಸಹಾಬಿಗಳು ವರದಿ ಮಾಡಿದ್ದಾರೆ. ಹಂಚುವವನು ಸದುದ್ದೇಶದಿಂದಲೇ ಹಂಚಿರಬಹುದು. ಆದರೆ ಸದುದ್ದೇಶವು ಸುಳ್ಳನ್ನು ಸತ್ಯವಾಗಿಸುವುದಿಲ್ಲ.

ಆದ್ದರಿಂದ ಮಕ್ಕಳಿಗೆ ಮೂರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿರಿ. ಇದನ್ನು ಹೇಳಿದವರು ಯಾರು? ಅವರು ಸ್ವತಃ ಕಂಡಿದ್ದಾರೆಯೇ? ಇದು ಸುಳ್ಳಾಗಿದ್ದರೆ ಯಾರಿಗೆ ನೋವಾಗುತ್ತದೆ? ಮೂರಕ್ಕೂ ಉತ್ತರ ಸಿಗುವವರೆಗೆ ಸಂದೇಶ ನಮ್ಮಲ್ಲೇ ನಿಲ್ಲಲಿ. ಸುಳ್ಳಿನ ಸರಪಣಿಯ ಒಂದು ಕೊಂಡಿ ನಮ್ಮ ಮನೆಯಲ್ಲಿ ಕಳಚಿದರೆ ಅದೂ ಒಂದು ಸತ್ಕರ್ಮವೇ. ಸಂದೇಶವು ನಮ್ಮ ಸಮುದಾಯದ ಪರವಾಗಿರಲಿ, ವಿರುದ್ಧವಾಗಿರಲಿ, ನೆರೆಯ ಹಿಂದೂ ಕ್ರೈಸ್ತ ಸಹೋದರರ ಕುರಿತಾಗಿರಲಿ, ತಕ್ಕಡಿ ಒಂದೇ ಆಗಿರಬೇಕು.

ವಿದ್ಯೆಗಿಂತ ಮೊದಲು ಅದಬ್

'ಎಲ್ಲವೂ ಫೋನಿನಲ್ಲೇ ಇದೆಯಲ್ಲ ಉಸ್ತಾದ್, ಮದ್ರಸಾಕ್ಕೆ ಯಾಕೆ ಬರಬೇಕು?' ಎಂದು ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೆಸರಾಂತ ಖಾರಿಗಳ ಪಾರಾಯಣ, ತಫ್ಸೀರ್, ಹದೀಸ್ ಗ್ರಂಥಗಳು ಇಂದು ಬೆರಳ ತುದಿಯಲ್ಲಿವೆ. ಕೇಳಿದ ಪ್ರಶ್ನೆಗೆಲ್ಲ ಮನುಷ್ಯನಂತೆಯೇ ಉತ್ತರಿಸುವ ಯಂತ್ರಗಳೂ ಬಂದಿವೆ. ಅವು ಸರಿಯನ್ನೂ ತಪ್ಪನ್ನೂ ಒಂದೇ ಧಾಟಿಯಲ್ಲಿ ಹೇಳಬಲ್ಲವು. ಹಲಾಲ್ ಹರಾಮ್‌ಗಳ ತೀರ್ಪಿಗೆ ಅವುಗಳನ್ನೇ ಮುಫ್ತಿಯನ್ನಾಗಿ ಮಾಡಿಕೊಂಡರೆ ಅಪಾಯ ತಪ್ಪದು. ಜಿಬ್ರೀಲ್(ಅ) ಪ್ರತಿ ರಮಝಾನ್‌ನಲ್ಲಿ ಬಂದು ಪ್ರವಾದಿವರ್ಯರೊಂದಿಗೆ(ಸ) ಕುರ್‌ಆನನ್ನು ಪುನರಾವರ್ತಿಸುತ್ತಿದ್ದರು. ಕೊನೆಯ ವರ್ಷ ಎರಡು ಬಾರಿ ಹಾಗೆ ಮಾಡಿದರು. ಎದುರೆದುರು ಕುಳಿತು ಕಲಿಯುವುದು ಈ ದೀನ್‌ನ ಮೊದಲ ಶಾಲೆಯ ಪದ್ಧತಿ.

ಇಮಾಮ್ ಮಾಲಿಕ್(ರ) ಬಾಲಕರಾಗಿದ್ದಾಗ ಅವರ ತಾಯಿ ತಲೆಗೆ ಪೇಟ ಸುತ್ತಿ, ರಬೀಅರ ಬಳಿ ಹೋಗಿ ಅವರ ವಿದ್ಯೆಗಿಂತ ಮೊದಲು ಅವರ ಅದಬ್ ಕಲಿತು ಬಾ ಎಂದು ಕಳಿಸುತ್ತಿದ್ದರು. ಮಾಹಿತಿಯನ್ನು ಪರದೆ ಕೊಡುತ್ತದೆ. ಉಸ್ತಾದರು ಕೋಪ ನುಂಗಿದ್ದನ್ನು, ತಿಳಿಯದ ವಿಷಯಕ್ಕೆ 'ಗೊತ್ತಿಲ್ಲ' ಎಂದದ್ದನ್ನು, ಬಡ ವಿದ್ಯಾರ್ಥಿಯ ತಲೆ ಸವರಿದ್ದನ್ನು ಕಂಡು ಕಲಿಯಲು ಉಸ್ತಾದರೇ ಬೇಕು. ಇದು ನಮ್ಮಂತಹ ಶಿಕ್ಷಕರಿಗೂ ಎಚ್ಚರಿಕೆ. ಬರಿಯ ಬಾಯಿಪಾಠ ಮಾಡಿಸಿ ಕಳಿಸುವುದಾದರೆ ಆ ಕೆಲಸವನ್ನು ಯಂತ್ರ ನಮಗಿಂತ ಚೆನ್ನಾಗಿ ಮಾಡುತ್ತದೆ.

ಮನೆಯಲ್ಲಿ ಏನು ಮಾಡಬಹುದು?

1. ಇಶಾದ ಬಳಿಕ ಮನೆಯ ಎಲ್ಲ ಫೋನುಗಳೂ ಒಂದೇ ಕಡೆ ಇರಲಿ. ಅಬ್ಬಾ ಉಮ್ಮಾರ ಫೋನೂ ಅಲ್ಲೇ ಇರಲಿ. ಅಗತ್ಯದ ಕರೆಗೆ ಎದ್ದು ಹೋಗಿ ಉತ್ತರಿಸಬಹುದು.

2. ಮಲಗುವ ಕೋಣೆಗೆ, ಊಟದ ಸುಪ್ರಕ್ಕೆ ಫೋನು ಬೇಡ.

3. ಸುಬುಹಿಯ ಬಳಿಕ ಕುರ್‌ಆನ್ ಪಾರಾಯಣ ಆಗುವವರೆಗೆ ಯಾರೂ ಸಂದೇಶ ನೋಡದಿರಲಿ.

4. ವಾರಕ್ಕೊಮ್ಮೆ ಮಕ್ಕಳೊಂದಿಗೆ ಕುಳಿತು, ಬಂದ ಒಂದು ಸಂದೇಶವನ್ನು ತೆಗೆದುಕೊಂಡು ಮೇಲಿನ ಮೂರು ಪ್ರಶ್ನೆಗಳಿಂದ ಪರೀಕ್ಷಿಸಿರಿ.

5. ಇತರರ ಚಿತ್ರವನ್ನು ಅವರ ಅನುಮತಿಯಿಲ್ಲದೆ ತೆಗೆಯುವುದೂ ಹಂಚುವುದೂ ತಪ್ಪೆಂದು ಕಲಿಸಿರಿ. ಅನುಮತಿಯಿಲ್ಲದೆ ಮನೆಯೊಳಗೆ ಇಣುಕುವುದನ್ನು ತಡೆದ ಧರ್ಮ ನಮ್ಮದು.

6. ಮಾಡಿದ ದಾನ, ಹೋದ ಉಮ್ರಾ, ಇಟ್ಟ ಊಟ ಎಲ್ಲವನ್ನೂ ಸ್ಟೇಟಸ್‌ಗೆ ಹಾಕುವ ಚಟವಿದ್ದರೆ ಮೊದಲು ನಾವು ಬಿಡೋಣ. ಮಕ್ಕಳು ತಾನಾಗಿ ಬಿಡುತ್ತಾರೆ.

7. ತಪ್ಪು ಹೇಳಿಕೊಂಡು ಬಂದ ಮಗುವಿಗೆ ಅಂದು ಶಿಕ್ಷೆ ಬೇಡ. ಸತ್ಯ ಹೇಳಿದ್ದಕ್ಕೆ ಮೊದಲು ಮೆಚ್ಚುಗೆ ಸಿಗಲಿ.

ಇವು ಕಷ್ಟವೇನಲ್ಲ, ಆದರೆ ಪ್ರಾರಂಭವು ಹಿರಿಯರಿಂದಲೇ ಆಗಬೇಕು. ನಿಮ್ಮನ್ನೂ ನಿಮ್ಮ ಮನೆಯವರನ್ನೂ ನರಕಾಗ್ನಿಯಿಂದ ರಕ್ಷಿಸಿಕೊಳ್ಳಿರಿ ಎಂಬ ಆಶಯದ ಆದೇಶ ಅತ್ತಹ್ರೀಮ್ ಅಧ್ಯಾಯದ 6ನೆಯ ಸೂಕ್ತದಲ್ಲಿದೆ. ಅಲ್ಲಿ 'ನಿಮ್ಮನ್ನು' ಎಂಬುದು ಮೊದಲು ಬಂದಿದೆ, 'ಮನೆಯವರು' ಅನಂತರ ಬಂದಿದ್ದಾರೆ. ಮಗುವಿನ ಕೈಯಿಂದ ಫೋನು ಇಳಿಸುವ ಮೊದಲು ನಮ್ಮ ಕೈಯಲ್ಲಿರುವುದನ್ನು ಕೆಳಗಿಟ್ಟು, 'ಬಾ ಪುಟ್ಟಾ, ಇಲ್ಲಿ ಕುಳಿತುಕೋ' ಎಂದು ಕರೆಯೋಣ. ಲುಕ್ಮಾನರ ಪಾಠ ಅಲ್ಲಿಂದಲೇ ಪ್ರಾರಂಭವಾಗುತ್ತದೆ.

ನಮ್ಮ ಸಂತಾನವನ್ನು ಕಣ್ಣಿಗೆ ತಂಪನ್ನೀಯುವವರಾಗಿಯೂ, ಏಕಾಂತದಲ್ಲೂ ತನ್ನನ್ನು ಭಯಪಡುವವರಾಗಿಯೂ ಅಲ್ಲಾಹನು ಬೆಳೆಸಲಿ. ಅವರ ಮುಂದೆ ಉತ್ತಮ ಮಾದರಿಯಾಗಿ ಬಾಳುವ ಭಾಗ್ಯವನ್ನು ನಮಗೆ ದಯಪಾಲಿಸಲಿ. ಆಮೀನ್.